ಟ್ರ್ಯಾಕ್‌ಮೇನಿಯಾ ಸ್ಪರ್ಧೆಗಳು

ಟ್ರ್ಯಾಕ್‌ಮೇನಿಯಾ ಎಂಬುದು ಫ್ರಾನ್ಸಿನ ನಾಡಿಯೊ ಸಂಸ್ಥೆ ಅಭಿವೃದ್ಧಿಪಡಿಸಿದ ಕಾರ್ ರೇಸಿಂಗ್ ವಿಡಿಯೊ ಗೇಮ್‌ಗಳ ಸರಣಿ. ಇದರ ಮೊದಲ ಆಟ 2003ರಲ್ಲಿ ಬಿಡುಗಡೆಯಾಯಿತು. ಒಂದು ಟ್ರ್ಯಾಕ್‌ನಲ್ಲಿ ಎಲ್ಲ ಸ್ಪರ್ಧಿಗಳಿಗೂ ಒಂದೇ ಬಗೆಯ ಕಾರು ದೊರೆಯುತ್ತದೆ. ಅತಿ ಕಡಿಮೆ ಸಮಯದಲ್ಲಿ ಗುರಿ ಮುಟ್ಟಿದವರು ವಿಜೇತರಾಗುತ್ತಾರೆ. ಈ ಸ್ಪರ್ಧೆಗಳ ಮಾನ್ಯತೆಯು ದಾಖಲಾದ ಸಮಯದ ಮೇಲಿನ ನಂಬಿಕೆಯನ್ನೇ ಅವಲಂಬಿಸಿದೆ. 2021ರಲ್ಲಿ ಬೆಳಕಿಗೆ ಬಂದ ಮೋಸದ ಪ್ರಕರಣವು ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು.

ಸ್ಪರ್ಧೆಯ ವಿಧಾನ

ವೇಗ ಹೆಚ್ಚಿಸಲು, ಬ್ರೇಕ್ ಹಾಕಲು ಹಾಗೂ ಎಡಬಲಕ್ಕೆ ತಿರುಗಲು ಬೇಕಾದ ನಾಲ್ಕು ಕೀಲಿಗಳಿಂದಲೇ ಈ ಆಟವನ್ನು ಆಡಬಹುದು. ಸ್ಪರ್ಧಿಗಳು ಏಕಕಾಲದಲ್ಲಿ ಓಡಿದರೂ ಸಾಮಾನ್ಯವಾಗಿ ಕಾರುಗಳು ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ. ಒಂದರ ಮೂಲಕ ಮತ್ತೊಂದು ಹಾದುಹೋಗುತ್ತದೆ. ಆದ್ದರಿಂದ ಪ್ರತಿಯೊಬ್ಬರ ಪೈಪೋಟಿ ವಾಸ್ತವದಲ್ಲಿ ಗಡಿಯಾರದೊಂದಿಗೆ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ ಭಾಗದ ಹಳ್ಳಿಗಳಲ್ಲಿ ಜನಪ್ರಿಯವಾಗಿರುವ ಖಾಲಿ ಗಾಡಾ ಓಡಿಸುವ ಸ್ಪರ್ಧೆಯನ್ನು ಇದಕ್ಕೆ ಹೋಲಿಸಬಹುದು. ಅಲ್ಲಿ ಎತ್ತುಗಳ ಜೋಡಿಗಳು ಒಂದೊಂದಾಗಿ ಓಡುತ್ತವೆ ಮತ್ತು ನಿಗದಿತ ಸಮಯದಲ್ಲಿ ಕ್ರಮಿಸಿದ ದೂರವನ್ನು ಅಳೆಯಲಾಗುತ್ತದೆ. ಟ್ರ್ಯಾಕ್‌ಮೇನಿಯಾದಲ್ಲಿ ದೂರ ನಿಗದಿಯಾಗಿದ್ದು, ಸಮಯವನ್ನು ಅಳೆಯಲಾಗುತ್ತದೆ.

ಒಂದೇ ಕ್ಷಣದಲ್ಲಿ ಒಂದೇ ಕೀಲಿಯನ್ನು ಒತ್ತಿದರೆ ಕಾರು ಪ್ರತಿ ಬಾರಿಯೂ ಒಂದೇ ರೀತಿಯಲ್ಲಿ ಚಲಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಸೆಕೆಂಡಿನ ನೂರನೇ ಒಂದು ಭಾಗದವರೆಗೆ, ನಂತರದವುಗಳಲ್ಲಿ ಸಾವಿರದ ಒಂದು ಭಾಗದವರೆಗೆ ಸಮಯವನ್ನು ಲೆಕ್ಕ ಹಾಕಲಾಗುತ್ತದೆ.

ಪ್ರಮುಖ ಸ್ಪರ್ಧೆಗಳು

2006ರಲ್ಲಿ ಎಲೆಕ್ಟ್ರಾನಿಕ್ ಸ್ಪೋರ್ಟ್ಸ್ ವರ್ಲ್ಡ್ ಕಪ್‌ಗಾಗಿ 'ಟ್ರ್ಯಾಕ್‌ಮೇನಿಯಾ ನೇಷನ್ಸ್' ಎಂಬ ಉಚಿತ ಆವೃತ್ತಿಯನ್ನು ಸಿದ್ಧಪಡಿಸಲಾಯಿತು. ಆ ವರ್ಷದ ಅಂತಿಮ ಸ್ಪರ್ಧೆಗಳು ಪ್ಯಾರಿಸ್‌ನ ಬೆರ್ಸಿ ಕ್ರೀಡಾಂಗಣದಲ್ಲಿ ನಡೆದವು. 2008ರಲ್ಲಿ ಬಂದ 'ನೇಷನ್ಸ್ ಫಾರೆವರ್' ಕೂಡ ಉಚಿತವಾಗಿತ್ತು. 2009ರಲ್ಲಿ ಯೂಬಿಸಾಫ್ಟ್ ಕಂಪನಿಯು ನಾಡಿಯೊವನ್ನು ಖರೀದಿಸಿತು. 2013ರಿಂದ ಫ್ರಾನ್ಸಿನ ಸ್ಟ್ರೀಮರ್ ಜೆರೇಟರ್ ಆರಂಭಿಸಿದ ಸ್ಪರ್ಧಾಸರಣಿಯು ಆಟವನ್ನು ಹೆಚ್ಚು ಪ್ರೇಕ್ಷಕರಿಗೆ ತಲುಪಿಸಿತು. ಅದರ 2022ರ ಅಂತಿಮ ಪಂದ್ಯವೂ ಬೆರ್ಸಿಯಲ್ಲಿಯೇ ನಡೆಯಿತು.

2020ರ ಜುಲೈ 1ರಂದು ಬಿಡುಗಡೆಯಾದ ಹೊಸ ಆವೃತ್ತಿಯಲ್ಲಿ ಪ್ರತಿದಿನ ಆಟಗಾರರೇ ರೂಪಿಸಿದ ಒಂದು ಟ್ರ್ಯಾಕ್ ಅನ್ನು ಆಯ್ದು 'ಕಪ್ ಆಫ್ ದಿ ಡೇ' ನಡೆಸಲಾಗುತ್ತದೆ. ಮೊದಲು ಅರ್ಹತಾ ಸುತ್ತಿನ ಸಮಯದ ಆಧಾರದ ಮೇಲೆ ಸ್ಪರ್ಧಿಗಳನ್ನು 64 ಜನರ ವಿಭಾಗಗಳಾಗಿ ವಿಂಗಡಿಸುತ್ತಾರೆ. ಬಳಿಕ ಪ್ರತಿ ಸುತ್ತಿನಲ್ಲಿ ಹಿಂದುಳಿದವರು ಹೊರಬೀಳುತ್ತಾರೆ.

2021ರ ಮೋಸದ ಪ್ರಕರಣ

ಓಟದ ಲೆಕ್ಕಾಚಾರವು ಆಟಗಾರನ ಕಂಪ್ಯೂಟರ್‌ನಲ್ಲಿಯೇ ನಡೆಯುತ್ತದೆ. ಹೀಗಾಗಿ ಅಂತರ್ಜಾಲದ ವೇಗ ಕಡಿಮೆಯಿದ್ದರೂ ಓಟದ ಸಮಯ ಬದಲಾಗುವುದಿಲ್ಲ. ಆದರೆ ದುರುಪಯೋಗಕ್ಕೂ ಇದೇ ದಾರಿ ಮಾಡಿಕೊಟ್ಟಿತು. ಕೆಲವರು ಹೊರಗಿನ ತಂತ್ರಾಂಶದಿಂದ ಆಟವನ್ನು ನಿಧಾನಗೊಳಿಸಿ, ಯೋಚಿಸಿ ತಿರುಗಲು ಹೆಚ್ಚು ಕಾಲಾವಕಾಶ ಪಡೆದರು. ಆಟದ ಗಡಿಯಾರವೂ ಜೊತೆಗೆ ನಿಧಾನವಾಗುತ್ತಿದ್ದ ಕಾರಣ ದಾಖಲಾದ ಓಟವು ಸಹಜ ವೇಗದ್ದಾಗಿಯೇ ಕಾಣುತ್ತಿತ್ತು.

2021ರ ಮೇ ತಿಂಗಳಲ್ಲಿ ನಾರ್ವೆಯ ಯೂಟ್ಯೂಬರ್ ವಿರ್ಚುವಲ್ ಹಾಗೂ ತಂತ್ರಾಂಶ ನಿರ್ಮಾತೃ ಡೊನಾಡಿಗೊ ಈ ಕುರಿತ ವಿಶ್ಲೇಷಣೆಯನ್ನು ಪ್ರಕಟಿಸಿದರು. ರಿಪ್ಲೇ ಕಡತಗಳಲ್ಲಿ ಆಟಗಾರ ಯಾವ ಕ್ಷಣದಲ್ಲಿ ಯಾವ ಕಡೆಗೆ ತಿರುಗಿದನೆಂಬ ಮಾಹಿತಿ ಉಳಿದಿರುತ್ತದೆ. ಶಂಕಿತ ಓಟಗಳಲ್ಲಿ ಒಂದು ಸೆಕೆಂಡಿನೊಳಗಿನ ತಿರುವುಗಳ ಸಂಖ್ಯೆಯು ಅದೇ ಆಟಗಾರರು ಪ್ರೇಕ್ಷಕರ ಎದುರು ಆಡಿದಾಗಿನದಕ್ಕಿಂತ ಅಸಹಜವಾಗಿ ಹೆಚ್ಚಿತ್ತು. ವರ್ಷಗಳಿಂದ ಅಜೇಯವೆನಿಸಿದ್ದ ದಾಖಲೆಗಳೂ ಇವುಗಳಲ್ಲಿದ್ದವು. ಅವುಗಳನ್ನು ಮೀರಿಸಲು ಸಾವಿರಾರು ಬಾರಿ ಯತ್ನಿಸಿದ್ದ ಪ್ರಾಮಾಣಿಕ ಆಟಗಾರರಿಗೆ ಇದರಿಂದ ಹೆಚ್ಚಿನ ಅನ್ಯಾಯವಾಗಿತ್ತು.

ತಂತ್ರಾಂಶದ ನೆರವನ್ನು ಬಹಿರಂಗವಾಗಿ ತಿಳಿಸಿ ಮಾಡುವ ಓಟಗಳನ್ನು ಮೋಸವೆಂದು ಪರಿಗಣಿಸುವುದಿಲ್ಲ. ಒಂದು ಟ್ರ್ಯಾಕ್‌ನಲ್ಲಿ ಸಾಧ್ಯವಿರುವ ಕನಿಷ್ಠ ಸಮಯವನ್ನು ಅರಿಯಲು ಅಂತಹ ಓಟಗಳನ್ನು ಪ್ರತ್ಯೇಕ ವರ್ಗವಾಗಿ ನಡೆಸಲಾಗುತ್ತದೆ.

ಭಾರತದಲ್ಲಿ ಕಾನೂನಿನ ಸ್ಥಾನ

ಭಾರತ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಅನ್ನು ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. ಕರ್ನಾಟಕದಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಸಂಬಂಧಿತ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮಾನ್ಯತೆ ನೀಡಿದೆ. ಅದರ ಪ್ರಕಾರ ಇ-ಸ್ಪೋರ್ಟ್ಸ್ ಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕ ಪಡೆಯಬಹುದು ಹಾಗೂ ಸಾಧನೆಗೆ ತಕ್ಕ ಬಹುಮಾನ ನೀಡಬಹುದು, ಬಾಜಿ ಕಟ್ಟುವಂತಿಲ್ಲ.