ಒಂದೇ ಹಳಿ, ಹಲವರ ಪಾಲು



ಮಾತೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬಕ್ಕೆ ಮುಂಬಯಿಯಿಂದ ಬರುವ ನಮ್ಮ ಮಕ್ಕಳು ಕುಮಟಾ, ಹೊನ್ನಾವರ, ಭಟ್ಕಳ ನಿಲ್ದಾಣಗಳಲ್ಲಿ ಇಳಿಯುತ್ತಾರೆ. ಈ ರೈಲುದಾರಿ ಬಂದ ಬಗೆಯನ್ನು ಇಂದು ನೆನೆಯೋಣ.

ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನ ಗುರುಮಠದಲ್ಲಿ ಓದಿದ್ದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಬಂಡವಾಳದಲ್ಲಿ ಕೇಂದ್ರದ ಪಾಲು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ರೋಹಾದಿಂದ ಮಂಗಳೂರು ಸಮೀಪದ ತೋಕೂರಿನವರೆಗಿನ ಈ ಮಾರ್ಗದ ಒಂದಡಿಯೂ ಕೇರಳದ ನೆಲದಲ್ಲಿಲ್ಲ. ಆದರೂ ಆ ರಾಜ್ಯ ತನ್ನ ಪಾಲು ಕೊಟ್ಟಿತು.

ಗೋವಾದಲ್ಲಿ ವಿರೋಧ ಎದ್ದು ಕೆಲಸ ತಡವಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಬೇಕಾಯಿತು. 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು.

ಆದರೆ ಒಂದು ಪಾಲು ಆ ಲೆಕ್ಕದಲ್ಲಿ ಸೇರಿಲ್ಲ. ತೆನೆ ಬೆಳೆಯುತ್ತಿದ್ದ ಗದ್ದೆಗಳ ನಡುವೆಯೇ ಹಳಿ ಹಾದುಹೋಯಿತು. ಪರಿಹಾರ ಸಿಕ್ಕರೂ ಹಿರಿಯರ ನೆಲ ಮರಳಿ ಬಾರದು. ಎಲ್ಲರೂ ಮನಸಾರೆ ಬಿಟ್ಟುಕೊಟ್ಟರೆಂದರೆ ಸುಳ್ಳಾದೀತು. ಆ ಕುಟುಂಬಗಳ ಋಣ ನಮ್ಮ ಮೇಲಿದೆ.

ನಮ್ಮ ಭಾಗದಲ್ಲಿ ಇಂದಿಗೂ ಒಂದೇ ಹಳಿ. ಒಂದು ಗಾಡಿ ನಿಲ್ದಾಣದಲ್ಲಿ ಕಾದರೆ ಮಾತ್ರ ಎದುರಿನದು ಮುಂದೆ ಸಾಗೀತು. ಸಂತ ಪೌಲರು ಕೊರಿಂಥದ ಸಭೆಗೆ ಕಲಿಸಿದ ಒಂದೇ ದೇಹದ ಪಾಠವೂ ಇದೇ. ಬೇಲಿಯ ವ್ಯಾಜ್ಯದಲ್ಲಿ, ಅಣ್ಣ-ತಮ್ಮಂದಿರ ಪಾಲಿನಲ್ಲಿ ಮೊದಲು ನಿಂತು ದಾರಿ ಬಿಡುವವರು ನಾವಾಗೋಣ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.