ಐದು ವರ್ಷ ಮನೆಯಲ್ಲಿಲ್ಲದ ಕೋವಿ

1977ರ ಮಳೆಗಾಲದಲ್ಲಿ ನನ್ನ ಮುತ್ತಜ್ಜಿ ತೀರಿಕೊಂಡಾಗ ಅಂಗಳದಲ್ಲಿ ಎರಡು ಈಡು ಹಾರಿದವು. ಕೊಡಗಿನಲ್ಲಿ ಸಾವಿನ ಸುದ್ದಿ ಊರಿಗೆ ಮುಟ್ಟುವುದು ಹಾಗೆ. ಬೆನ್ನುಬೆನ್ನಿಗೆ ಎರಡು ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ನೇಗಿಲು ನಿಲ್ಲಿಸುತ್ತಾರೆ. ಒಂದೇ ಈಡು ಕೇಳಿದರೆ ಎಲ್ಲೋ ಗಂಡುಮಗು ಹುಟ್ಟಿದೆ ಎಂದು ಲೆಕ್ಕ. ಅವತ್ತು ಹಾರಿಸಿದ ಕೋವಿ ನಮ್ಮ ಮನೆಯದೇ. ಆದರೆ ಅದನ್ನು ಎದೆಗವಚಿಕೊಂಡು ಮಳೆಯಲ್ಲಿ ಗದ್ದೆಯ ಬದು ದಾಟಿ ತಂದವರು ಚಿಕ್ಕಜ್ಜ. ಹಾರಿಸಿದವರೂ ಅವರೇ. ಸತ್ತವಳ ಹಿರಿಯ ಮಗ, ನನ್ನ ಅಜ್ಜ, ಜಗಲಿಯ ಕಂಬಕ್ಕೆ ಹಣೆಯಿಟ್ಟು ನಿಂತಿದ್ದರು. ಆ ಕೋವಿಯನ್ನು ಅವರು ಕೈಯಲ್ಲಿ ಹಿಡಿಯುವಂತಿರಲಿಲ್ಲ. ನನಗಾಗ ಹನ್ನೊಂದು ವರ್ಷ. ಯಾಕೆಂದು ಕೇಳಿದ್ದಕ್ಕೆ ಅಮ್ಮ ನನ್ನನ್ನು ಒಳಗೆ ಕಳಿಸಿದಳು.

ಮುಂದೆ ನಾನು ವಕೀಲಳಾದೆ. ಮಡಿಕೇರಿಯಲ್ಲಿ ಬಹಳ ವರ್ಷ ಕ್ರಿಮಿನಲ್ ಕೇಸು ನಡೆಸಿದೆ. ಅಜ್ಜನ ಕೇಸಿನ ತೀರ್ಪನ್ನು ಮೊದಲ ಸಲ ಓದಿದ್ದು ಆಗ.

ಜಗಳ ನೀರಿನದು. 1973ರ ನಾಟಿಯ ಸಮಯ. ಮೇಲಿನ ಗದ್ದೆಯವರು ತೋಡಿಗೆ ಕಟ್ಟೆ ಹಾಕಿದ್ದರು. ಅಜ್ಜ ಕಟ್ಟೆ ಒಡೆಯಲು ಹೋದರು, ಮಾತು ಬೆಳೆಯಿತು, ಕೈಯಲ್ಲಿದ್ದ ಕಾಡುಕತ್ತಿ ಬೀಸಿದರು. ಎದುರಿಗಿದ್ದವನ ಮುಂಗೈ ಸೀಳಿತು. ದಂಡಸಂಹಿತೆಯ 324ನೇ ಕಲಂ, ಆರು ತಿಂಗಳ ಸಜೆ. ಮೇಲ್ಮನವಿ ಮಾಡೋಣವೆಂದು ಮನೆಯವರು ಹೇಳಿದಾಗ ಅಜ್ಜ, 'ಹೊಡೆದದ್ದು ನಾನೇ ಅಲ್ಲವಾ' ಎಂದರಂತೆ. ಗಾಯಗೊಂಡವನ ಎರಡು ಬೆರಳು ಕೊನೆಯವರೆಗೂ ಪೂರ್ತಿ ಮಡಚುತ್ತಿರಲಿಲ್ಲ. ಈ ಕಥೆ ಹೇಳುವಾಗಲೆಲ್ಲ ನನಗೆ ಆ ಬೆರಳುಗಳೂ ನೆನಪಾಗುತ್ತವೆ. ಅವನ್ನು ಬಿಟ್ಟು ಅಜ್ಜನ ದುಃಖವನ್ನಷ್ಟೇ ಹೇಳುವುದು ತಪ್ಪು.

ಕೋವಿಗೂ ಆ ಜಗಳಕ್ಕೂ ಸಂಬಂಧವೇ ಇರಲಿಲ್ಲ. ಅದು ನಡುಮನೆಯ, ಅಂದರೆ ನೆಲ್ಲಕ್ಕಿಯ, ಗೋಡೆಯಲ್ಲಿ ತನ್ನ ಗೂಟಕ್ಕೆ ತೂಗಿಕೊಂಡಿತ್ತು. ಆದರೆ 1959ರ ಆಯುಧ ಕಾಯಿದೆಯ 9ನೇ ಕಲಂ ಕತ್ತಿ ಯಾವುದು, ಕೋವಿ ಯಾವುದು ಎಂದು ನೋಡುವುದಿಲ್ಲ. ಹಿಂಸೆಯ ಅಪರಾಧಕ್ಕೆ ಸಜೆಯಾದವನು, ಸಜೆ ಮುಗಿದ ದಿನದಿಂದ ಐದು ವರ್ಷ ಬಂದೂಕನ್ನು ಕೊಳ್ಳಬಾರದು, ಇಟ್ಟುಕೊಳ್ಳಬಾರದು, ಹೊರಬಾರದು. ಆಗಿನ ಕಾಯಿದೆಯಲ್ಲಿ ಈ ನಿಷೇಧ ಶುರುವಾಗುತ್ತಿದ್ದದ್ದು ಆರು ತಿಂಗಳ ಸಜೆಯಿಂದ. ಅಜ್ಜನಿಗೆ ಆದದ್ದು ಸರಿಯಾಗಿ ಆರು ತಿಂಗಳು. ಒಂದು ದಿನ ಕಡಿಮೆಯಾಗಿದ್ದರೂ ಕೋವಿ ಮನೆಯಲ್ಲೇ ಉಳಿಯುತ್ತಿತ್ತು. 1983ರ ತಿದ್ದುಪಡಿ ಆ ಮಿತಿಯನ್ನೂ ತೆಗೆದುಹಾಕಿತು. ಈಗ ಸಜೆ ಎಷ್ಟೇ ಚಿಕ್ಕದಿದ್ದರೂ ಐದು ವರ್ಷ ತಪ್ಪಿದ್ದಲ್ಲ. ಐದು ವರ್ಷದ ನಿಷೇಧ ನ್ಯಾಯವೆಂದೇ ನಾನು ನಂಬಿದ್ದೇನೆ. ಆದರೆ ಒಂದು ದಿನದ ಸಜೆಗೂ ಮೂರು ವರ್ಷದ ಸಜೆಗೂ ಒಂದೇ ಅಳತೆ ಹಿಡಿದದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಹೊರಗಿನವರು ಕೇಳುವುದುಂಟು: ಕೊಡವರಿಗೆ ಲೈಸೆನ್ಸೇ ಬೇಡವಲ್ಲ, ಅವರ ಕೋವಿಯನ್ನು ಕಾಯಿದೆ ಹೇಗೆ ಮುಟ್ಟುತ್ತದೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಭೂಮಿ ಹಿಡಿದವನು ಕರೆ ಬಂದಾಗ ಆಯುಧ ಹಿಡಿದು ಬರಬೇಕಿತ್ತು. ಭೂಮಿ ಮತ್ತು ಆಯುಧ ಒಂದೇ ಒಪ್ಪಂದದ ಎರಡು ತುದಿ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡರು. ಮೂರೇ ವರ್ಷದಲ್ಲಿ ಅವರ ವಿರುದ್ಧ ಅಮರಸುಳ್ಯದ ದಂಗೆಯೆದ್ದಿತು. ದಂಗೆಯ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅದೇ ದಂಗೆಯಲ್ಲಿ ಕಂಪನಿಯ ಪಕ್ಕ ನಿಂತ ಕೊಡಗಿನವರಿಗೆ ಪದಕ ಹಂಚಿದರು. 1857ರ ನಂತರ ದೇಶವನ್ನೆಲ್ಲ ನಿರಾಯುಧಗೊಳಿಸುವ ಕಾಯಿದೆ ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟ. ಕೊಟ್ಟ ಕಾರಣ ನಿಷ್ಠೆ. ನಮ್ಮ ಹಿರಿಯರು ಇದನ್ನು ಶೌರ್ಯಕ್ಕೆ ಸಂದ ಗೌರವವೆಂದು ಮಾತ್ರ ಹೇಳುತ್ತಾರೆ. ಗಲ್ಲೂ ಪದಕವೂ ಒಂದೇ ದಂಗೆಯವು ಎಂಬುದನ್ನು ಮಕ್ಕಳಿಗೆ ಹೇಳದೆ ಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಸ್ವಾತಂತ್ರ್ಯದ ನಂತರವೂ ವಿನಾಯಿತಿ ಉಳಿಯಿತು. ಕೊಡವರಿಗೆ, ಜೊತೆಗೆ ಯಾವ ಜಾತಿಯವರೇ ಆಗಲಿ ಜಮ್ಮಾ ಹಿಡುವಳಿದಾರರಿಗೆ, ಲೈಸೆನ್ಸ್ ಕೇಳುವ ಆಯುಧ ಕಾಯಿದೆಯ 3 ಮತ್ತು 4ನೇ ಕಲಂ ಅನ್ವಯಿಸುವುದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಇರುವುದು ಆ ಎರಡು ಕಲಂಗಳಿಂದ ಮಾತ್ರ. 9ನೇ ಕಲಂನಿಂದ ಯಾರಿಗೂ ವಿನಾಯಿತಿ ಇಲ್ಲ. ಹುಟ್ಟಿನಿಂದ ಬಂದ ಹಕ್ಕು ಎನ್ನುತ್ತಿದ್ದ ಅಜ್ಜನಿಗೆ ಇದು ಸೆರೆಮನೆಗಿಂತ ದೊಡ್ಡ ಪೆಟ್ಟಾಯಿತು.

ಕೋವಿಯನ್ನು ಮೊದಲು ಠಾಣೆಗೆ ಒಪ್ಪಿಸಿದರು. ಆಮೇಲೆ ಚಿಕ್ಕಜ್ಜ ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಗದ್ದೆಯಾಚೆಗೆ ಒಯ್ದರು. ಒಂಟಿ ನಳಿಗೆಯ ಹಳೇ ತೋಟಾ ಕೋವಿ. ಅದರ ಹಿಡಿಯಲ್ಲಿ ಮುತ್ತಜ್ಜನ ಹೆಬ್ಬೆರಳು ಸವೆಸಿದ ಒಂದು ಗುಳಿಯಿತ್ತು.

ಅಜ್ಜನ ಹಳೆಯ ದಿನಗಳಲ್ಲಿ ನಾಟಿ ಮುಗಿದು ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಬಂದರೆ ಊರಿಗೆ ಊರೇ ಬೇಟೆಗೆ ಹೊರಡುತ್ತಿತ್ತಂತೆ. ಅಲ್ಲಿಯವರೆಗೆ ದೇವರ ಮುಂದಿಟ್ಟಿದ್ದ ಕತ್ತಿ ಕೋವಿಗಳಿಗೆ ಗಂಧ ಹಚ್ಚಿ, ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಿದ್ದರು. ಕೊಡವ ತಕ್ಕಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ, ಕೆಂಪು ಹಳದಿ ನಾಲಗೆ ಚಾಚಿದಂತಿರುವ ಆ ಹೂವಿಗೆ ಕೋವಿಯ ಹೆಸರೇ ಬಂದಿದೆ. ನಾಯಿಗಳನ್ನು ಬಿಟ್ಟು ಕಾಡು ಸೋವುವವರು ಒಂದು ಕಡೆ, ಕಂಡಿಗಳಲ್ಲಿ ಕೋವಿ ಹಿಡಿದು ಉಸಿರು ಬಿಗಿಹಿಡಿದು ಕೂತವರು ಇನ್ನೊಂದು ಕಡೆ. ಹಂದಿ ಬಿದ್ದರೆ ಪಾಲು ಹಾಕುವುದು ಅಲ್ಲೇ, ಬಾಳೆ ಎಲೆಯ ಮೇಲೆ. ಹೊಡೆದವನಿಗೆ ಹೆಚ್ಚಿನ ಪಾಲು, ಸೋವಿದವರಿಗೆಲ್ಲ ಸಮ, ನಾಯಿಗೂ ಒಂದು ಪಾಲು. ನಮ್ಮಲ್ಲಿ ನಾಯಿಯ ಪಾಲನ್ನು ಮೊದಲು ತೆಗೆದಿಡುತ್ತಿದ್ದರು ಎಂದು ಅಜ್ಜ ಒತ್ತಿ ಹೇಳುತ್ತಿದ್ದರು. ಹುಲಿ ಹೊಡೆದವನಿಗೆ ಮದುವೆಗಂಡಿನಂತೆ ಕುಪ್ಯ ತೊಡಿಸಿ, ಸತ್ತ ಹುಲಿಯ ಪಕ್ಕ ಕೂರಿಸಿ ನರಿ ಮಂಗಲ (ಕೊಡವ ತಕ್ಕಿನಲ್ಲಿ ನರಿಯೆಂದರೆ ಹುಲಿ) ಮಾಡುತ್ತಿದ್ದ ಕಾಲವನ್ನು ಅವರು ಕಂಡಿರಲಿಲ್ಲ, ತಮ್ಮ ಅಜ್ಜನ ಬಾಯಿಂದ ಕೇಳಿದ್ದರು.

ಸಜೆ ಮುಗಿದದ್ದು 1974ರ ಆಗಸ್ಟ್‌ನಲ್ಲಿ. ಆ ಐದು ವರ್ಷ ಕೈಲ್‌ಪೊಳ್ದ್‌ಗೆ ನೆಲ್ಲಕ್ಕಿಯಲ್ಲಿ ಒಡಿಕತ್ತಿ, ಪೀಚೆಕತ್ತಿ ಮಾತ್ರ ಇಡುತ್ತಿದ್ದರು. ಗೋಡೆಯ ಗೂಟ ಖಾಲಿ. ಅಜ್ಜಿ ಅದಕ್ಕೂ ಒಂದು ತೋಕ್‌ಪೂ ಸಿಕ್ಕಿಸುತ್ತಿದ್ದಳು. ಸುಗ್ಗಿಹಬ್ಬ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಈಡು ಬೇರೆಯವರ ಗದ್ದೆಯಿಂದ ಕೇಳುತ್ತಿತ್ತು, ನಾವು ಆ ಸದ್ದಿಗೆ ಕಾದು ಕುಡುಗೋಲು ಹಾಕುತ್ತಿದ್ದೆವು.

1979ರ ಆಗಸ್ಟ್ ದಾಟುತ್ತಲೇ ಅಜ್ಜ ಕಾಗದ ಹೊಂದಿಸತೊಡಗಿದರು. ತೀರ್ಪಿನ ನಕಲು, ಬಿಡುಗಡೆಯ ಚೀಟಿ, ಐದು ವರ್ಷದಲ್ಲಿ ಬೇರೆ ಕೇಸಿಲ್ಲವೆಂಬ ವರದಿ. ಹಕ್ಕು ತಾನಾಗಿಯೇ ಮರಳುತ್ತದೆ, ಕಾಯಿದೆಯಲ್ಲಿ ಅವಧಿ ಮುಗಿದರೆ ನಿಷೇಧವೂ ಮುಗಿಯಿತು. ಅದನ್ನು ಒಂದು ಮೇಜಿನ ಮುಂದೆ ರುಜುವಾತು ಮಾಡುವುದಕ್ಕೆ ಮಾತ್ರ ಮತ್ತೊಂದು ಮಳೆಗಾಲ ಹಿಡಿಯಿತು. ನನ್ನ ಕಕ್ಷಿದಾರರಲ್ಲಿ ಎಷ್ಟೋ ಮಂದಿ ಈ ಹಂತದಲ್ಲೇ ಕೈಚೆಲ್ಲಿದ್ದನ್ನು ನೋಡಿದ್ದೇನೆ. ಬಿಡುಗಡೆಯ ಚೀಟಿಯನ್ನು ಜೋಪಾನ ಮಾಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಅಜ್ಜ ಅದನ್ನು ಜಮ್ಮಾ ಪತ್ರಗಳ ಜೊತೆ ಮಡಚಿಟ್ಟಿದ್ದರು.

1980ರ ಕೈಲ್‌ಪೊಳ್ದ್‌ಗೆ ಕೋವಿ ಗೂಟಕ್ಕೆ ಮರಳಿತು. ಕಾಡು ಮರಳಲಿಲ್ಲ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ಪರವಾನಗಿಯ ಒಳಗೆ ಕಟ್ಟಿಹಾಕಿತ್ತು, 1991ರ ತಿದ್ದುಪಡಿ ಆ ಪರವಾನಗಿಯನ್ನೂ ಕೊನೆಗೊಳಿಸಿತು. ಆ ಕಾಯಿದೆಯಡಿ ಶಿಕ್ಷೆಯಾದವನ ಆಯುಧದ ಲೈಸೆನ್ಸನ್ನು ರದ್ದುಮಾಡಿ, ಐದು ವರ್ಷ ಹೊಸದು ಸಿಗದಂತೆ ನ್ಯಾಯಾಲಯ ಆದೇಶಿಸಬಹುದು. ಅಪರಾಧಕ್ಕೆ ಬಳಸಿದ ಕೋವಿ ಸರ್ಕಾರದ ವಶವಾಗುತ್ತದೆ. ಅಭಯಾರಣ್ಯದೊಳಗೆ ಬೇಟೆಯಾಡಿದ ವಯಸ್ಕನಿಗೆ ಪ್ರೊಬೇಷನ್ನಿನ ದಯೆಯೂ ಇಲ್ಲ. ಕಡವೆ ಮಾಂಸ ತಿಂದು ಬೆಳೆದ ನಾನು ಈ ಕಾಯಿದೆಯ ಪರವಾಗಿದ್ದೇನೆ. ತಡಿಯಂಡಮೋಳಿನ ತಪ್ಪಲಿನಲ್ಲಿ ನನ್ನ ಮೊಮ್ಮಗಳು ಕಡವೆಯ ಹೆಜ್ಜೆ ನೋಡಬೇಕು. ಅಜ್ಜನೂ ಬಾಯಿಬಿಟ್ಟು ವಿರೋಧಿಸಲಿಲ್ಲ. ಐದು ವರ್ಷ ಕಾಡಿಗೆ ಹೋಗದೆ ಇದ್ದವರಿಗೆ ಆಮೇಲೂ ಹೋಗದಿರುವುದು ಕಷ್ಟವಾಗಲಿಲ್ಲವೇನೋ. ಅವರ ಕೊನೆಯ ಬೇಟೆನಾಯಿ ಮಾತ್ರ ಕೋವಿಯ ಎಣ್ಣೆ ವಾಸನೆ ಬಂದಾಗಲೆಲ್ಲ ಬಾಗಿಲಿಗೆ ಬಂದು ಕೂರುತ್ತಿತ್ತು.

1980ರ ಆ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗೆ ಅಜ್ಜ ಹೆಸರು ಕೊಟ್ಟರು. ಮೂರು ತೋಟೆ, ಮೂರೂ ತಪ್ಪಿದವು. ಮೇಲಿನ ಗದ್ದೆಯವನು, ಮಡಚದ ಬೆರಳಿನವನು, ಜನರ ನಡುವೆ ನಿಂತು ನೋಡುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ತೋಡಿನ ನೀರು ಮಾತ್ರ ಆ ಹೊತ್ತಿಗೆ ವಾರಕ್ಕೆ ಮೂರು ದಿನದಂತೆ ಪಾಲಾಗಿತ್ತು.

ಅಜ್ಜ 1993ರಲ್ಲಿ ಹೋದರು. ಅಪ್ಪ ಸೈನ್ಯದಿಂದ ಬರುವುದು ಮರುದಿನವಾಗುತ್ತಿತ್ತು. ಚಿಕ್ಕಜ್ಜ ಗೂಟದಿಂದ ಕೋವಿ ತೆಗೆದು ಅಂಗಳದಲ್ಲಿ ಒಂದು ಈಡು ಹಾರಿಸಿದರು. ಆಮೇಲೆ ನಳಿಗೆ ಮುರಿದು ಎರಡನೇ ತೋಟೆ ತುಂಬಿ ನನ್ನ ಕೈಗೆ ಕೊಟ್ಟರು. ನಾನು ಹುಟ್ಟಿದಾಗ ಆ ಮನೆಯಲ್ಲಿ ಯಾರೂ ಈಡು ಹಾರಿಸಿರಲಿಲ್ಲ. ಮುತ್ತಜ್ಜನ ಗುಳಿಯಲ್ಲಿ ಹೆಬ್ಬೆರಳಿಟ್ಟು, ಮೇಲಿನ ಗದ್ದೆಯ ಕಡೆಗಲ್ಲ, ಬೆಟ್ಟದ ಕಡೆಗೆ ಮುಖಮಾಡಿ ಕುದುರೆ ಎಳೆದೆ. ಭುಜ ಒಂದು ವಾರ ನೀಲಿಗಟ್ಟಿತ್ತು.