ನಡುವಿನವನು ದಿವಾಳಿಯಾದರೆ ಕೂಲಿ ಯಾರ ಹೊಣೆ?

ಬೆಂಗಳೂರಿನಿಂದ ಹೋದ ಕಂಪ್ಯೂಟರ್ ತಂತ್ರಜ್ಞರೊಬ್ಬರು ಲಂಡನ್ನಿನ ಒಂದು ಬ್ಯಾಂಕಿನಲ್ಲಿ ದುಡಿಯುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ದಿನವೂ ಹೋಗಿ ಕುಳಿತುಕೊಳ್ಳುವುದು ಬ್ಯಾಂಕಿನಲ್ಲಿ, ಆದರೆ ಅವರು ಬ್ಯಾಂಕಿನ ನೌಕರರಲ್ಲ. ಅವರನ್ನು ಹುಡುಕಿ ಕಳುಹಿಸಿದ್ದು ಒಂದು ನೇಮಕಾತಿ ಏಜೆನ್ಸಿ. ಅವರು ತಮ್ಮದೇ ಹೆಸರಿನಲ್ಲಿ ಒಂದು ಪುಟ್ಟ ಕಂಪೆನಿ ತೆರೆದಿದ್ದಾರೆ. ಬ್ಯಾಂಕು ಏಜೆನ್ಸಿಗೆ ಹಣ ಕೊಡುತ್ತದೆ, ಏಜೆನ್ಸಿ ತನ್ನ ಪಾಲು ಇಟ್ಟುಕೊಂಡು ಉಳಿದುದನ್ನು ಆ ಪುಟ್ಟ ಕಂಪೆನಿಗೆ ಕಳುಹಿಸುತ್ತದೆ. 1990ರ ದಶಕದ ಬ್ರಿಟನ್ನಿನಲ್ಲಿ ಸಾವಿರಾರು ತಂತ್ರಜ್ಞರು ಹೀಗೆಯೇ ದುಡಿದರು, ಈಗಲೂ ದುಡಿಯುತ್ತಿದ್ದಾರೆ.

ಒಂದು ಸೋಮವಾರ ಏಜೆನ್ಸಿ ಬಾಗಿಲು ಹಾಕುತ್ತದೆ. ಆರು ವಾರಗಳ ದುಡಿಮೆಯ ಹಣ ಬಾಕಿ. 'ನಾವು ಏಜೆನ್ಸಿಗೆ ಕೊಟ್ಟಾಗಿದೆ' ಎನ್ನುತ್ತದೆ ಬ್ಯಾಂಕು. ತಂತ್ರಜ್ಞರು ಯಾರನ್ನು ಕೇಳಬೇಕು?

ವಿಜ್ಞಾನ ಓದಿದವರಿಗೆ ಇದು ಸರಣಿ ಮಂಡಲದಂತೆ ಕಾಣುತ್ತದೆ. ನಡುವಿನ ಒಂದು ಬಲ್ಬು ಸುಟ್ಟುಹೋದರೆ ಕೊನೆಯ ಬಲ್ಬಿಗೂ ವಿದ್ಯುತ್ ಹರಿಯದು. ಆ ಬಲ್ಬನ್ನು ದಾಟಿಹೋಗುವ ಇನ್ನೊಂದು ತಂತಿಯನ್ನು ಕಾನೂನು ಎಳೆದಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಈ ಪ್ರಶ್ನೆಗೆ ಇನ್ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

1791ರಲ್ಲಿ ಅಮೆರಿಕದ ಹೊಸ ರಾಜಧಾನಿ ವಾಷಿಂಗ್ಟನ್ ಇನ್ನೂ ಬಹುಮಟ್ಟಿಗೆ ನಕ್ಷೆಯ ಮೇಲಿತ್ತು. ಮನೆ ಕಟ್ಟುವ ಕಸುಬುದಾರರನ್ನು ಅಲ್ಲಿಗೆ ಸೆಳೆಯಬೇಕಿತ್ತು. ಆದರೆ ಮಾಲೀಕ ಹಣ ಕೊಡದಿದ್ದರೆ? ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ ಅವರ ಪ್ರೇರಣೆಯಿಂದ ಮೇರಿಲ್ಯಾಂಡ್ ರಾಜ್ಯದ ಶಾಸನಸಭೆ ಆ ವರ್ಷ ಒಂದು ಕಾಯ್ದೆ ಮಾಡಿತು. ಕಟ್ಟಿದವನ ಬಾಕಿ ತೀರುವವರೆಗೆ ಆ ಕಟ್ಟಡದ ಮೇಲೆಯೇ ಅವನಿಗೊಂದು ಹಕ್ಕು. ಇದಕ್ಕೆ 'ಲೀನ್' ಎಂದು ಹೆಸರು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು. ಕ್ರಮೇಣ ಮುಖ್ಯ ಗುತ್ತಿಗೆದಾರನ ಕೈಕೆಳಗಿನ ಉಪಗುತ್ತಿಗೆದಾರರಿಗೂ ಕೂಲಿಗಳಿಗೂ ಈ ಹಕ್ಕು ವಿಸ್ತರಿಸಿತು. ನಡುವಿನವನು ಮುಳುಗಿದರೂ ಗೋಡೆ ನಿಂತಿರುತ್ತದಲ್ಲ! ಸರ್ಕಾರಿ ಕಟ್ಟಡವನ್ನು ಹೀಗೆ ಹಿಡಿದಿಡುವಂತಿಲ್ಲವಾದ್ದರಿಂದ, 1935ರ ಮಿಲ್ಲರ್ ಕಾಯ್ದೆ ಅಲ್ಲಿ ಗುತ್ತಿಗೆದಾರನೇ ಮುಂಚಿತವಾಗಿ ಜಾಮೀನು ಪತ್ರ ಕೊಡಬೇಕೆಂದು ವಿಧಿಸಿತು.

ಇಂಗ್ಲೆಂಡ್ ಈ ಮಾರ್ಗ ಹಿಡಿಯಲಿಲ್ಲ. ಅಲ್ಲಿನ ಕಾನೂನು ದಿವಾಳಿಯಾದವನ ಮುಂದೆ ಒಂದು ಸರತಿಸಾಲು ಮಾಡಿತು. 1888ರ ಕಾಯ್ದೆಯಂತೆ ಗುಮಾಸ್ತನ ನಾಲ್ಕು ತಿಂಗಳ ಸಂಬಳ 50 ಪೌಂಡುಗಳವರೆಗೆ, ಕೂಲಿಯವನ ಎರಡು ತಿಂಗಳ ಕೂಲಿ 25 ಪೌಂಡುಗಳವರೆಗೆ ಸಾಲಿನ ಮುಂಭಾಗಕ್ಕೆ ಬಂತು. 1897ರಲ್ಲಿ, ಕಂಪೆನಿಯ ಚರಾಸ್ತಿಗಳ ಮೇಲೆ ತೇಲುವ ಅಡಮಾನ ಹೊಂದಿದ್ದ ಸಾಲದಾತರಿಗಿಂತಲೂ ಈ ಕೂಲಿ ಮುಂದೆ ಎಂದಾಯಿತು. ಇಂದು ನಾಲ್ಕು ತಿಂಗಳ ಬಾಕಿಯಲ್ಲಿ 800 ಪೌಂಡುಗಳವರೆಗೆ ಈ ಆದ್ಯತೆ ಇದೆ. ಜೊತೆಗೆ ನೌಕರರ ಬಾಕಿಯ ಒಂದು ಭಾಗವನ್ನು ಸರ್ಕಾರದ ರಾಷ್ಟ್ರೀಯ ವಿಮಾ ನಿಧಿ ತುಂಬಿಕೊಡುತ್ತದೆ.

ಆದರೆ ಇದೆಲ್ಲ ನೌಕರನಿಗೆ. ನಮ್ಮ ತಂತ್ರಜ್ಞರು ಏಜೆನ್ಸಿಯ ನೌಕರರಲ್ಲ. ಕಾನೂನಿನ ಕಣ್ಣಿಗೆ ಒಂದು ಕಂಪೆನಿ ಇನ್ನೊಂದು ಕಂಪೆನಿಗೆ ಸೇವೆ ಮಾರಿದೆ, ಅಷ್ಟೆ. ಏಜೆನ್ಸಿಗೆ ಕಾಗದ, ಪೀಠೋಪಕರಣ ಮಾರಿದವರೊಂದಿಗೆ ಸಾಲಿನ ಹಿಂಭಾಗದಲ್ಲಿ ಅವರ ಸ್ಥಾನ. ಅಲ್ಲಿಗೆ ತಲುಪುವಷ್ಟರಲ್ಲಿ ಸಾಮಾನ್ಯವಾಗಿ ಪೌಂಡಿಗೆ ಕೆಲವೇ ಪೆನ್ಸ್ ಉಳಿದಿರುತ್ತದೆ, ಒಮ್ಮೊಮ್ಮೆ ಅದೂ ಇಲ್ಲ. ಗೋಡೆಯನ್ನಾದರೂ ಹಿಡಿದಿಟ್ಟುಕೊಳ್ಳಬಹುದು. ಕಳೆದುಹೋದ ಗಂಟೆಗಳನ್ನು ಹಿಡಿಯುವುದೆಲ್ಲಿ?

ಬ್ಯಾಂಕು ಏಜೆನ್ಸಿಗೆ ಕೊಟ್ಟ ಹಣದಲ್ಲಿ ತಂತ್ರಜ್ಞರ ಪಾಲು ಅವರದೇ ಅಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕೇಫರ್ಡ್ ಎಂಬ ಇಂಗ್ಲಿಷ್ ಕಂಪೆನಿ ಅಂಚೆಯ ಮೂಲಕ ಸರಕು ಮಾರುತ್ತಿತ್ತು. ಗ್ರಾಹಕರು ಮುಂಗಡ ಹಣ ಕಳುಹಿಸುತ್ತಿದ್ದರು. 1972ರ ಕೊನೆಯಲ್ಲಿ ಅದರ ಮುಖ್ಯ ಸರಬರಾಜುದಾರರು ಕಷ್ಟಕ್ಕೆ ಸಿಲುಕಿದರು. ಲೆಕ್ಕಪರಿಣತರ ಸಲಹೆ ಪಡೆದ ಕಂಪೆನಿ, ಸರಕು ತಲುಪುವವರೆಗೆ ಹಣ ಗ್ರಾಹಕರದೇ ಎಂಬ ಉದ್ದೇಶದಿಂದ ಅದನ್ನು ಪ್ರತ್ಯೇಕ ಖಾತೆಯಲ್ಲಿ ಇಡತೊಡಗಿತು. ಬಹುಬೇಗ ಕಂಪೆನಿ ಮುಳುಗಿತು. ಆ ಖಾತೆಯಲ್ಲಿದ್ದದ್ದು ಟ್ರಸ್ಟಿನ ಹಣ, ಇತರ ಸಾಲದಾತರು ಮುಟ್ಟುವಂತಿಲ್ಲ ಎಂದು ನ್ಯಾಯಮೂರ್ತಿ ಮೆಗ್ಯಾರಿ ತೀರ್ಪಿತ್ತರು. ಆದರೆ ಅದೇ ತೀರ್ಪಿನಲ್ಲಿ ಅವರು ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿದರು: ಇದು ಸಾರ್ವಜನಿಕರ ಹಣದ ವಿಷಯ, ವ್ಯಾಪಾರಿ ಸಾಲದಾತರ ಬಗ್ಗೆ ಬೇರೆಯೇ ವಿಚಾರ ಬರಬಹುದು. ತಂತ್ರಜ್ಞರ ಪುಟ್ಟ ಕಂಪೆನಿ ಆ ಎರಡನೆಯ ಗುಂಪಿಗೇ ಸೇರುತ್ತದೆ. ಬೇರೆ ಖಾತೆ ಇರಬೇಕು, ಒಪ್ಪಂದದಲ್ಲೇ ಟ್ರಸ್ಟ್ ಎಂದು ಬರೆದಿರಬೇಕು. ಇಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ.

ಇನ್ನೊಂದು ತೊಡಕಿದೆ. ಬ್ಯಾಂಕು ಇನ್ನೂ ಏಜೆನ್ಸಿಗೆ ಹಣ ಕೊಟ್ಟಿಲ್ಲ ಎಂದುಕೊಳ್ಳಿ. ಆಗ ನೇರವಾಗಿ ತಂತ್ರಜ್ಞರಿಗೇ ಕೊಟ್ಟುಬಿಡಬಹುದಲ್ಲ? ಅಷ್ಟು ಸುಲಭವಿಲ್ಲ. ಏಜೆನ್ಸಿಗಳು ದುಡಿದವರಿಗೆ ವಾರವಾರ ಹಣ ಕೊಡಬೇಕು, ಅವುಗಳಿಗೆ ಬರುವುದು ತಿಂಗಳು ಎರಡು ತಿಂಗಳಿಗೆ. ಈ ಅಂತರ ತುಂಬಲು ಅನೇಕ ಏಜೆನ್ಸಿಗಳು ತಮ್ಮ ಬಿಲ್ಲುಗಳನ್ನೇ ಹಣಕಾಸು ಸಂಸ್ಥೆಗೆ ಮಾರುತ್ತವೆ. ಇದಕ್ಕೆ ಫ್ಯಾಕ್ಟರಿಂಗ್ ಎನ್ನುತ್ತಾರೆ. ಬಿಲ್ಲು ಕೈಬದಲಾದ ಸೂಚನೆ ತಲುಪಿದ ಮೇಲೆ ಬ್ಯಾಂಕು ಆ ಸಂಸ್ಥೆಗೇ ಹಣ ಕೊಡಬೇಕು. ಕನಿಕರದಿಂದ ತಂತ್ರಜ್ಞರ ಕೈಗೆ ಕೊಟ್ಟರೆ ಎರಡನೆಯ ಸಲವೂ ತೆರಬೇಕಾದೀತು. ದುಡಿದ ಗಂಟೆಗಳು ದುಡಿದವರಿಗೆ ತಿಳಿಯದಂತೆ ಎಂದೋ ಮಾರಾಟವಾಗಿರುತ್ತವೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವ ಅಂಶ ಇದೇ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ದುಡಿದ ಗಂಟೆಗಳ ಪಟ್ಟಿಗೆ ಬ್ಯಾಂಕಿನ ಅಧಿಕಾರಿಯ ಸಹಿ ಪಡೆದಿಟ್ಟುಕೊಂಡು, ದಿವಾಳಿ ವ್ಯವಹಾರ ನೋಡುವ ಅಧಿಕಾರಿಗೆ ಬಾಕಿಯ ಲಿಖಿತ ಬೇಡಿಕೆ ಸಲ್ಲಿಸಬೇಕು. ಬಾರದ ಹಣದ ಮೇಲೆ ಸರ್ಕಾರಕ್ಕೆ ಕಟ್ಟಿದ ಮೌಲ್ಯವರ್ಧಿತ ತೆರಿಗೆಯನ್ನು ಆರು ತಿಂಗಳ ನಂತರ ಹಿಂದಕ್ಕೆ ಕೇಳಬಹುದು. ಮುಂದಿನ ವಾರಗಳಿಗೆ ಬ್ಯಾಂಕಿನೊಡನೆ ಹೊಸ ಒಪ್ಪಂದವಿಲ್ಲದೆ ಕೆಲಸ ಮುಂದುವರಿಸಬಾರದು, ಬಾಕಿ ಬೆಳೆಯುವುದೇ ಹಾಗೆ. ಅರ್ಧ ಮುಗಿದ ಕೆಲಸದಲ್ಲಿ ಬ್ಯಾಂಕಿಗೂ ಅವರು ಬೇಕು. ಮಾತುಕತೆಯಲ್ಲಿ ಅವರಿಗಿರುವ ದೊಡ್ಡ ಬಲ ಅದು.

ಬಲ ಇನ್ನೊಂದೂ ಉಂಟು. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರ ಕೆಲಸದ ಅಂಗವಾಗಿ ಬರೆದ ಪ್ರೋಗ್ರಾಂ ಮಾಲೀಕನದು; ಗುತ್ತಿಗೆಯವನು ಬರೆದದ್ದು, ಲಿಖಿತವಾಗಿ ಬಿಟ್ಟುಕೊಡದಿದ್ದರೆ, ಅವನದೇ. ಹಣ ಸಂದಾಯವಾದ ಮೇಲಷ್ಟೇ ಹಕ್ಕು ಬದಲಾಗುತ್ತದೆ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಅದು 1791ರ ಗೋಡೆಯ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡೀತು. ಆದರೆ ಏಜೆನ್ಸಿಗಳ ಅಚ್ಚುಹಾಕಿದ ಒಪ್ಪಂದಗಳು ಸಾಮಾನ್ಯವಾಗಿ ಈ ಹಕ್ಕನ್ನು ಮೊದಲೇ ಬರೆಸಿಕೊಂಡುಬಿಡುತ್ತವೆ.

ಆ ತಂತ್ರಜ್ಞರು ಬಿಟ್ಟುಬಂದ ನಮ್ಮ ದೇಶದಲ್ಲಿ ಕಾನೂನು ಇನ್ನೊಂದು ತಂತಿಯನ್ನು ಎಳೆದೇಬಿಟ್ಟಿತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೆಯ ಕಲಮಿನಂತೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತನೇ ಪೂರ್ತಿ ಕೊಡಬೇಕು. ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನ ಪಾಡು. ಹೀಗೆ ನಡುವಿನವನ ದಿವಾಳಿಯ ನಷ್ಟ, ಅವನನ್ನು ಆರಿಸಿದ ದೊಡ್ಡವನ ಮೇಲೆ ಬೀಳುತ್ತದೆ. ಇದೇ ನಿಯಮ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲೂ ಮುಂದುವರಿದಿದೆ. ಆದರೆ ತಂತಿ ಎಲ್ಲ ಮನೆಗೂ ತಲುಪುವುದಿಲ್ಲ. ಹಳೆಯ ಕಾಯ್ದೆ 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಹೊಸ ಸಂಹಿತೆ ಆ ಸಂಖ್ಯೆಯನ್ನು 50ಕ್ಕೆ ಏರಿಸಿದೆ.